ಜ್ವರ ಬಂದು ಹೋಯಿತು, ಸಕ್ಕರೆ ಉಳಿಯಿತು

ಹತ್ತು ವರ್ಷದ ಆ ಅಮೆರಿಕನ್ ಹುಡುಗ ಅಲ್ಲಿಯವರೆಗೆ ಗಟ್ಟಿಮುಟ್ಟಾಗಿಯೇ ಇದ್ದ. ಫ್ಲೂ ಥರದ ಜ್ವರ ಕಾಣಿಸಿಕೊಂಡು ಮೂರು ದಿನ ಕಳೆಯುವುದರೊಳಗೆ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ಇನ್ಸುಲಿನ್ ಸಿಗದೆ ಕಂಗೆಟ್ಟ ದೇಹ ಕೊಬ್ಬನ್ನೇ ಕರಗಿಸಿ ಉರಿಸತೊಡಗಿ, ರಕ್ತ ಆಮ್ಲವಾಗುತ್ತಿತ್ತು. ಏಳು ದಿನಕ್ಕೆ ಹುಡುಗ ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಮೇದೋಜೀರಕ ಗ್ರಂಥಿಯನ್ನು ನೋಡಿದಾಗ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸತ್ತುಬಿದ್ದಿದ್ದವು. ಅವುಗಳ ಸುತ್ತ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜಿ-ವಾನ್ ಯೂನ್, ಏಬ್ನರ್ ನಾಟ್‌ಕಿನ್ಸ್ ಮತ್ತು ಸಂಗಡಿಗರು ಆ ಗ್ರಂಥಿಯ ತುಣುಕನ್ನು ಅರೆದು, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಗೆ ಬೆರೆಸಿದರು. ವೈರಸ್ಸೊಂದು ಬೆಳೆಯಿತು. ಅದು ಕಾಕ್ಸಾಕಿ ಬಿ4 ಎಂಬ ವೈರಸ್ಸಿನ ಹತ್ತಿರದ ನೆಂಟ. ಹುಡುಗನ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಆಸ್ಪತ್ರೆ ಸೇರಿದ ಎರಡನೇ ದಿನ ಇಲ್ಲವೆನ್ನುವಷ್ಟು ಕಡಿಮೆ ಇದ್ದವು; ಸಾಯುವ ದಿನದ ಹೊತ್ತಿಗೆ ಏರಿದ್ದವು. ಅಂದರೆ ಸೋಂಕು ತಾಜಾ. ಅದೇ ವೈರಸ್ಸನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಸಕ್ಕರೆಯೂ ಏರಿತು, ಅವುಗಳ ಬೀಟಾ ಕೋಶಗಳೂ ಸತ್ತವು. 1979ರ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಈ ವರದಿ ಬಂದಾಗ ವೈದ್ಯಲೋಕದಲ್ಲಿ ದೊಡ್ಡ ಸಂಚಲನ. ಮಕ್ಕಳ ಸಕ್ಕರೆ ಕಾಯಿಲೆ ಅಂಟುವ ಜ್ವರದಿಂದ ಶುರುವಾಗುತ್ತದೆಯೇ?

ಆ ಪ್ರಶ್ನೆ ಕೇಳಿ ನಾಲ್ಕೂವರೆ ದಶಕ ಕಳೆದಿದೆ. ಈಗ ಸಿಗುವ ಉತ್ತರ ಹಿಂದೆಂದಿಗಿಂತ ಗಟ್ಟಿಯಾಗಿದೆ, ಆದರೂ ಪೂರ್ತಿಯಾಗಿಲ್ಲ.

ಟೈಪ್ 1 ಮಧುಮೇಹ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವ ಮೊದಲ ಮಾತು, "ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ!" ಎಂಬುದು. ಎರಡನೆಯದು ತಾಯಿಯ ಕಡೆ ತಿರುಗುತ್ತದೆ: ಚಾಕೊಲೇಟು ಕೊಟ್ಟೆ, ಬಿಸ್ಕತ್ತು ಕೊಟ್ಟೆ, ಹಾಲಿಗೆ ಎರಡೆರಡು ಚಮಚ ಸಕ್ಕರೆ ಹಾಕಿದೆ. ಎರಡೂ ಮಾತಿಗೆ ಉತ್ತರ ಒಂದೇ ಉಸಿರಿನಲ್ಲಿ ಹೇಳಬಹುದು. ಟೈಪ್ 1 ಬಂದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗೂ ಆ ಕಾಯಿಲೆ ಇರುವುದಿಲ್ಲ. ಸಿಹಿ ತಿಂದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೊಜ್ಜು, ವಯಸ್ಸು, ಕೂತು ಮಾಡುವ ಕೆಲಸಗಳ ಜೊತೆ ಬರುವ ಟೈಪ್ 2 ಬೇರೆ ಕಾಯಿಲೆ. ಟೈಪ್ 1ರಲ್ಲಿ ದೇಹದ ಕಾವಲುಪಡೆಯೇ, ಅಂದರೆ ರೋಗನಿರೋಧಕ ವ್ಯವಸ್ಥೆಯೇ, ತನ್ನದೇ ಬೀಟಾ ಕೋಶಗಳನ್ನು ಹಗೆಯೆಂದು ತಪ್ಪು ತಿಳಿದು ಕೊಂದುಹಾಕುತ್ತದೆ. ಕೋಶಗಳು ಹೋದಮೇಲೆ ಇನ್ಸುಲಿನ್ ಇಲ್ಲ. ಹೊರಗಿನಿಂದ ಚುಚ್ಚಿಕೊಳ್ಳದೆ ಬದುಕಿಲ್ಲ.

ಕಾವಲುಪಡೆ ಯಾಕೆ ಹೀಗೆ ತಿರುಗಿ ಬೀಳುತ್ತದೆ? ವಂಶವಾಹಿಗಳ ಪಾಲು ಖಂಡಿತ ಇದೆ. ಆದರೆ ಒಂದೇ ಭ್ರೂಣದಿಂದ ಒಡೆದು ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಟೈಪ್ 1 ಬಂದರೆ ಇನ್ನೊಬ್ಬರಿಗೆ ಬಾರದೆ ಹೋಗುವುದು ಸಾಮಾನ್ಯ. ವಂಶವಾಹಿ ಒಂದೇ, ಬದುಕಿನಲ್ಲಿ ಎದುರಾದದ್ದು ಬೇರೆ. ಆ ಎದುರಾದದ್ದು ಏನು ಎಂಬುದರ ಹುಡುಕಾಟವೇ ವೈರಸ್ಸಿನ ಕಥೆ.

ಈ ಅನುಮಾನ ವೈರಸ್ಸಿನ ಹೆಸರೇ ಗೊತ್ತಿಲ್ಲದ ಕಾಲದ್ದು. 1864ರಲ್ಲಿ ನಾರ್ವೆಯ ವೈದ್ಯ ಸ್ಟಾಂಗ್, ಮಂಗನಬಾವು ಬಂದು ಹೋದ ಬೆನ್ನಿಗೇ ಮಧುಮೇಹ ಬಂದದ್ದನ್ನು ದಾಖಲಿಸಿದ. ಅದೇ ದೇಶದ ಗುಂಡರ್ಸೆನ್ 1927ರಲ್ಲಿ ಮಂಗನಬಾವಿನ ಪಿಡುಗು ಬಂದ ಕೆಲವು ವರ್ಷಗಳ ನಂತರ ಎಳೆಯರಲ್ಲಿ ಮಧುಮೇಹದ ಸಾವು ಹೆಚ್ಚುವುದನ್ನು ತೋರಿಸಿ, ಇದು ಸೋಂಕಿನ ಕಾಯಿಲೆಯಿರಬಹುದೇ ಎಂದು ನೇರವಾಗಿ ಕೇಳಿದ.

ಇನ್ನೊಂದು ಸುಳಿವು ಸಿಡ್ನಿಯ ಕಣ್ಣಿನ ವೈದ್ಯರ ಕೊಠಡಿಯಿಂದ ಬಂತು. 1941ರಲ್ಲಿ ನಾರ್ಮನ್ ಗ್ರೆಗ್ ಅವರ ಬಳಿ ಹುಟ್ಟುತ್ತಲೇ ಕಣ್ಣಿಗೆ ಪೊರೆ ಬಂದ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ಗರ್ಭಿಣಿಯಾಗಿದ್ದಾಗ ತಮಗೆ ರುಬೆಲ್ಲಾ ಆಗಿತ್ತು ಎಂದು ತಾಯಂದಿರು ತಮ್ಮತಮ್ಮಲ್ಲಿ ಆಡಿಕೊಂಡ ಮಾತು ಗ್ರೆಗ್ ಕಿವಿಗೆ ಬಿತ್ತು. ಗರ್ಭದಲ್ಲಿರುವ ಕೂಸಿಗೆ ರುಬೆಲ್ಲಾ ಮಾಡುವ ಹಾನಿ ಜಗತ್ತಿಗೆ ತಿಳಿದದ್ದು ಹಾಗೆ. ಆ ಮಕ್ಕಳನ್ನು ದಶಕಗಳ ಕಾಲ ಗಮನಿಸಿದಾಗ, ದೊಡ್ಡವರಾಗುತ್ತ ಅವರಲ್ಲಿ ಮಧುಮೇಹ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಕಂಡಿತು. ಈ ಸುಳಿವಿಗೂ ಕರ್ನಾಟಕಕ್ಕೂ ಸಂಬಂಧವಿದೆ. 2017ರ ಫೆಬ್ರವರಿಯಲ್ಲಿ ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದ ಮೊದಲ ಕೆಲವು ಪ್ರದೇಶಗಳಲ್ಲಿ ನಮ್ಮ ರಾಜ್ಯವೂ ಒಂದು. ಶಾಲೆಗಳಲ್ಲಿ ಸಾಲು ನಿಲ್ಲಿಸಿ ಚುಚ್ಚಿದ ಆ ಸೂಜಿ, ಮುಂದೆ ಹುಟ್ಟಲಿರುವ ಕೂಸುಗಳ ಕಣ್ಣು, ಕಿವಿ, ಹೃದಯಗಳ ಜೊತೆಗೆ ಅವುಗಳ ಮೇದೋಜೀರಕ ಗ್ರಂಥಿಯನ್ನೂ ಕಾಯುತ್ತದೆ.

ಆದರೆ ರುಬೆಲ್ಲಾ, ಮಂಗನಬಾವು ಎರಡೂ ಲಸಿಕೆಯಿಂದ ಇಳಿಮುಖವಾದ ದೇಶಗಳಲ್ಲೇ ಟೈಪ್ 1 ಏರುತ್ತ ಹೋಯಿತು. ಹಾಗಾಗಿ ಕಣ್ಣು ಎಂಟೆರೋವೈರಸ್ಸುಗಳ ಕಡೆ ತಿರುಗಿತು. ಪೋಲಿಯೊ ವೈರಸ್ ಕೂಡ ಇದೇ ಕುಟುಂಬದ್ದು. ಕರುಳಿನಲ್ಲಿ ಬೆಳೆದು ಮಲದ ಮೂಲಕ, ಕೊಳೆ ಕೈಯ ಮೂಲಕ ಹರಡುವ ಜಾತಿ. ಕಾಕ್ಸಾಕಿ ಎಂಬುದು ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ದಂಡೆಯ ಒಂದು ಊರಿನ ಹೆಸರು. 1948ರಲ್ಲಿ ಗಿಲ್ಬರ್ಟ್ ಡಾಲ್‌ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಆ ಊರಿನ ಇಬ್ಬರು ಮಕ್ಕಳ ಮಲದಿಂದ ಇದನ್ನು ಮೊದಲು ಬೇರ್ಪಡಿಸಿದರು. ಇದರಲ್ಲಿ ಎ, ಬಿ ಎಂದು ಎರಡು ಗುಂಪು. 2022ರ ಮೇನಲ್ಲಿ ಕೇರಳದ ಕೊಲ್ಲಂನಲ್ಲಿ ಮಕ್ಕಳ ಮೈಮೇಲೆ ಕೆಂಪು ಗುಳ್ಳೆ ಎದ್ದು, 'ಟೊಮೆಟೊ ಜ್ವರ' ಎಂಬ ಹೆಸರು ಪಡೆದು, ನಮ್ಮ ಗಡಿ ಜಿಲ್ಲೆಗಳಲ್ಲೂ ಎಚ್ಚರಿಕೆ ಹೊರಡಿಸುವಂತೆ ಮಾಡಿದ್ದು ಎ ಗುಂಪಿನ ಕಡೆಯದು. ಮಧುಮೇಹದ ವಿಷಯದಲ್ಲಿ ಮುಖ್ಯ ಅನುಮಾನವಿರುವುದು ಬಿ ಗುಂಪಿನ ಮೇಲೆ. ಕೈ, ಕಾಲು, ಬಾಯಲ್ಲಿ ಗುಳ್ಳೆ ಎದ್ದ ಮಗುವಿಗೆ ಸಕ್ಕರೆ ಕಾಯಿಲೆ ಬಂದೀತೆಂದು ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ತೊಡಕು ಇರುವುದು ಕಾಲದ ಲೆಕ್ಕದಲ್ಲಿ. ಆ ಅಮೆರಿಕನ್ ಹುಡುಗನಂತೆ ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯುವುದು ಅಪರೂಪ. ಬಹಳಷ್ಟು ಮಕ್ಕಳಲ್ಲಿ ಬೀಟಾ ಕೋಶಗಳ ಮೇಲಿನ ದಾಳಿ ಸದ್ದಿಲ್ಲದೆ ಶುರುವಾಗಿರುತ್ತದೆ, ಎಷ್ಟೋ ಸಲ ಒಂದು, ಎರಡು, ಮೂರು ವರ್ಷದ ವಯಸ್ಸಿನಲ್ಲೇ. ರಕ್ತದಲ್ಲಿ ದಾಳಿಯ ಗುರುತಾದ ಸ್ವಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ತಿಂಗಳುಗಳು, ಕೆಲವರಲ್ಲಿ ಹತ್ತು ವರ್ಷ, ಕಳೆದು ಸಕ್ಕರೆ ಏರುತ್ತದೆ. ಅಷ್ಟು ಹೊತ್ತಿಗೆ ಯಾವ ವೈರಸ್ ಬಂದಿತ್ತು, ಯಾವಾಗ ಬಂದಿತ್ತು ಎಂದು ಕೇಳಿದರೆ ಯಾರು ಹೇಳಬೇಕು? ಆ ನಡುವೆ ಮಗುವಿಗೆ ಹತ್ತಾರು ಸಲ ನೆಗಡಿ, ಜ್ವರ, ಭೇದಿ ಬಂದು ಹೋಗಿರುತ್ತದೆ. ಕಾಯಿಲೆ ಪತ್ತೆಯಾಗುವ ಹಿಂದಿನ ವಾರದ ಜ್ವರ ಹೆಚ್ಚಿನ ಸಲ ಒಡೆಯಲಿದ್ದ ಕಟ್ಟೆಗೆ ಕೊನೆಯ ತಳ್ಳು ಮಾತ್ರ. ಸೋಂಕು ಬಂದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ಅಳಿದುಳಿದ ಕೋಶಗಳು ಆ ಭಾರ ತಾಳಲಾರವು.

ಹಾಗಾದರೆ ಕಾಯಿಲೆ ಬಂದವರನ್ನು ಹಿಡಿದು ಹಿಂದಕ್ಕೆ ನೋಡುವ ಬದಲು, ಹುಟ್ಟಿದ ಕೂಸುಗಳನ್ನು ಹಿಡಿದು ಮುಂದಕ್ಕೆ ನೋಡಬೇಕು. ಈ ಕೆಲಸವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡ ದೇಶಗಳಲ್ಲಿ ಫಿನ್‌ಲೆಂಡ್ ಪ್ರಮುಖ. ಟೈಪ್ 1ರ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಅಲ್ಲಿ. ಹದಿನೈದರೊಳಗಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಹೊಸದಾಗಿ ಕಾಯಿಲೆ ಬಂದವರ ಸಂಖ್ಯೆ 60ರ ಆಸುಪಾಸಿಗೂ ಏರಿದ್ದುಂಟು. ಹೋಲಿಕೆಗೆ, 1995ರಲ್ಲಿ ಆರಂಭವಾದ ಕರ್ನಾಟಕದ ಮಧುಮೇಹ ನೋಂದಣಿಯಲ್ಲಿ ಕಂಡದ್ದು ಲಕ್ಷಕ್ಕೆ ಸುಮಾರು 4. ಪ್ರಮಾಣ ಚಿಕ್ಕದಾದರೂ ನಮ್ಮ ಜನಸಂಖ್ಯೆ ದೊಡ್ಡದು. ಟೈಪ್ 1 ಇರುವ ಮಕ್ಕಳು ಅತಿ ಹೆಚ್ಚಿರುವ ದೇಶಗಳಲ್ಲಿ ಭಾರತವೂ ಒಂದು.

1994ರಿಂದ ಫಿನ್‌ಲೆಂಡಿನ ಟುರ್ಕು, ಟಾಂಪೆರೆ, ಓಲು ನಗರಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ, ಅಪಾಯದ ವಂಶವಾಹಿ ಇದ್ದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ಹತ್ತು ವರ್ಷಗಳ ನಂತರ ಇದೇ ಮಾದರಿಯಲ್ಲಿ ಫಿನ್‌ಲೆಂಡ್, ಸ್ವೀಡನ್, ಜರ್ಮನಿ, ಅಮೆರಿಕ ಸೇರಿ 'ಟೆಡ್ಡಿ' ಎಂಬ ಅಧ್ಯಯನ ಕಟ್ಟಿದವು. ನಾಲ್ಕು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿ, 8,600ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡರು.

ಇಲ್ಲಿ ಆ ಅಪ್ಪ ಅಮ್ಮಂದಿರನ್ನು ನೆನೆಯಲೇಬೇಕು. ಮೂರು ತಿಂಗಳ ಕೂಸಿನಿಂದ ಹಿಡಿದು ನಾಲ್ಕು ವರ್ಷದವರೆಗೆ, ಪ್ರತಿ ತಿಂಗಳೂ, ಮಗುವಿನ ಮಲದ ಮಾದರಿಯನ್ನು ಪುಟ್ಟ ಡಬ್ಬಿಯಲ್ಲಿ ತುಂಬಿ ಕಳಿಸಬೇಕಿತ್ತು. ಮಗು ಆರೋಗ್ಯವಾಗಿ ಆಡಿಕೊಂಡಿದೆ, ಕಾಯಿಲೆ ಬರಬಹುದು, ಬಾರದೆಯೂ ಇರಬಹುದು. ಆದರೂ ಸಾವಿರಾರು ಮನೆಗಳು ಆ ಡಬ್ಬಿಗಳನ್ನು ತಿಂಗಳು ತಿಂಗಳೂ ಕಳಿಸಿದವು. ತಮ್ಮ ಮಗುವಿಗೆ ಏನೂ ಲಾಭವಿಲ್ಲದಿದ್ದರೂ ಮುಂದೆ ಹುಟ್ಟುವವರಿಗೆ ಆಗಲಿ ಎಂಬ ಭಾವನೆಯಿಂದ ನಡೆದ ಕೆಲಸ ಇದು.

ಆ ಡಬ್ಬಿಗಳು ಹೇಳಿದ್ದೇನು? 2019ರಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ತುಸು ನಿಲ್ಲಿಸಿ ಯೋಚಿಸುವಂತೆ ಮಾಡಿತು. ಎಂಟೆರೋವೈರಸ್ ಎಷ್ಟು ಸಲ ಬಂತು ಎಂಬ ಎಣಿಕೆ ಮುಖ್ಯವಾಗಲಿಲ್ಲ. ಬಿ ಗುಂಪಿನ ಒಂದೇ ವೈರಸ್ ತಿಂಗಳುಗಳ ಅಂತರದ ಮಾದರಿಗಳಲ್ಲಿ ಮತ್ತೆ ಮತ್ತೆ ಕಂಡ ಮಕ್ಕಳಲ್ಲೇ ಸ್ವಪ್ರತಿಕಾಯಗಳು ಹೆಚ್ಚು ಮೂಡಿದ್ದವು. ಬಂದು ಹೋಗುವ ನೆಂಟನಿಂದ ತೊಂದರೆ ಇರಲಿಲ್ಲ. ಮನೆ ಬಿಟ್ಟು ಹೋಗದೆ ಉಳಿದವನದೇ ಕಾಟ. ಅದಕ್ಕೂ ಮೊದಲು, 2014ರಲ್ಲಿ, ಫಿನ್‌ಲೆಂಡಿನ ವಿಜ್ಞಾನಿಗಳು ತಮ್ಮ ಅಧ್ಯಯನದ ಮಕ್ಕಳ ರಕ್ತದಲ್ಲಿ ಹತ್ತಾರು ಎಂಟೆರೋವೈರಸ್ಸುಗಳ ಪ್ರತಿಕಾಯ ಹುಡುಕಿ, ಕಾಕ್ಸಾಕಿ ಬಿ1 ಕಡೆ ಬೆರಳು ತೋರಿಸಿದ್ದರು.

ಗಡಿಯಾಚೆಯ ಒಂದು ಒಗಟು ಮಾತ್ರ ಎಲ್ಲ ಸರಳ ಉತ್ತರಗಳನ್ನೂ ಕೆಣಕುತ್ತದೆ. ಫಿನ್‌ಲೆಂಡಿಗೆ ಅಂಟಿಕೊಂಡಂತೆ ರಷ್ಯಾದ ಕರೇಲಿಯಾ ಪ್ರದೇಶವಿದೆ. ಎರಡೂ ಕಡೆಯ ಜನರಲ್ಲಿ ಟೈಪ್ 1ರ ಅಪಾಯ ತರುವ ವಂಶವಾಹಿಗಳು ಬಹುತೇಕ ಒಂದೇ ಪ್ರಮಾಣದಲ್ಲಿವೆ. ಹವೆ ಒಂದೇ, ಕಾಡು ಒಂದೇ, ಚಳಿ ಒಂದೇ. ಆದರೆ ಗಡಿ ದಾಟಿದರೆ ಮಕ್ಕಳ ಟೈಪ್ 1 ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಂಟೆರೋವೈರಸ್ಸೇ ಕಾರಣವಾದರೆ ಕರೇಲಿಯಾದಲ್ಲಿ ಸೋಂಕು ಕಡಿಮೆ ಇರಬೇಕಲ್ಲವೇ? ಅಳೆದು ನೋಡಿದರೆ ಅಲ್ಲಿ ಸೋಂಕು ಹೆಚ್ಚು!

ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಪೋಲಿಯೊದ ಇತಿಹಾಸದಿಂದ ಬಂದದ್ದು. ಎಲ್ಲೆಡೆ ಸೋಂಕು ಹಬ್ಬಿದ ಕಾಲದಲ್ಲಿ ಪ್ರತಿ ತಾಯಿಗೂ ಅದು ಬಂದು ಹೋಗಿರುತ್ತಿತ್ತು. ಅವಳ ಪ್ರತಿಕಾಯಗಳು ಗರ್ಭದಲ್ಲೂ ಎದೆಹಾಲಿನಲ್ಲೂ ಕೂಸಿಗೆ ದಾಟುತ್ತಿದ್ದವು. ಆ ಕವಚವಿರುವಾಗಲೇ ಕೂಸಿಗೆ ಸೋಂಕು ತಗುಲಿ, ಹಗುರವಾಗಿ ಮುಗಿಯುತ್ತಿತ್ತು. ನೈರ್ಮಲ್ಯ ಹೆಚ್ಚಿದಂತೆ ತಾಯಂದಿರಿಗೆ ಸೋಂಕು ತಪ್ಪಿತು, ಕೂಸುಗಳಿಗೆ ಕವಚ ತಪ್ಪಿತು, ಆಮೇಲೆ ಬಂದ ವೈರಸ್ ನೇರ ನರಮಂಡಲಕ್ಕೆ ನುಗ್ಗಿತು. ಶ್ರೀಮಂತ ದೇಶಗಳಲ್ಲೇ ಪೋಲಿಯೊ ಪಿಡುಗು ಜೋರಾಗಿದ್ದು ಹೀಗೆ. ಕಾಕ್ಸಾಕಿ ಬಿ ಕೂಡ ಇದೇ ದಾರಿ ಹಿಡಿದಿರಬಹುದು. ಇದು ಸರಿಯಾದರೆ ನಮಗೂ ಒಂದು ಪಾಠವಿದೆ. ಕೊಳೆಯನ್ನು ಮರಳಿ ತರಬೇಕು ಎಂದು ಯಾರಾದರೂ ಅರ್ಥಮಾಡಿಕೊಂಡರೆ ತಪ್ಪು. ಪೋಲಿಯೊವನ್ನು ಓಡಿಸಿದ್ದು ಲಸಿಕೆ.

ವೈರಸ್ ನಿಜವಾಗಿ ಆ ಗ್ರಂಥಿಯೊಳಗೆ ಇರುತ್ತದೆಯೇ? ಹೊಟ್ಟೆಯ ಆಳದಲ್ಲಿ, ಜಠರದ ಹಿಂದೆ ಅಡಗಿರುವ ಅಂಗವದು. ಬದುಕಿದ್ದವರಿಂದ ತುಣುಕು ತೆಗೆಯುವುದು ಅಪಾಯ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೋಗಶಾಸ್ತ್ರಜ್ಞ ಅಲನ್ ಫೌಲಿಸ್, ಟೈಪ್ 1 ಪತ್ತೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡ ಮಕ್ಕಳ ಗ್ರಂಥಿಯ ತುಣುಕುಗಳನ್ನು, ಮೇಣದ ಪುಟ್ಟ ಅಚ್ಚುಗಳಲ್ಲಿ ಕಾಪಾಡಿಟ್ಟವುಗಳನ್ನು, ಕಲೆಹಾಕಿದ್ದರು. 2009ರಲ್ಲಿ ಸಾರಾ ರಿಚರ್ಡ್‌ಸನ್, ನೋಯೆಲ್ ಮಾರ್ಗನ್ ತಂಡ ಅವುಗಳನ್ನು ಪರೀಕ್ಷಿಸಿದಾಗ 72 ಮಂದಿಯಲ್ಲಿ 44 ಮಂದಿಯ ಬೀಟಾ ಕೋಶಗಳಲ್ಲಿ ಎಂಟೆರೋವೈರಸ್ಸಿನ ಹೊರಕವಚದ ಪ್ರೋಟೀನ್ ಕಂಡಿತು. ಮಧುಮೇಹವಿಲ್ಲದ 50 ಮಕ್ಕಳಲ್ಲಿ ಮೂವರಲ್ಲಿ ಮಾತ್ರ. ಪ್ರೋಟೀನ್ ಗುರುತಿಸಲು ಬಳಸಿದ ಬಣ್ಣದ ವಿಧಾನ ವೈರಸ್ಸನ್ನಷ್ಟೇ ಹಿಡಿಯುತ್ತದೆಯೇ ಎಂಬ ತಕರಾರು ಎದ್ದಿತು. ಬೀಟಾ ಕೋಶಗಳು ವೈರಸ್ಸಿಗೆ ಯಾಕೆ ಇಷ್ಟು ಸುಲಭದ ತುತ್ತು ಎಂಬುದಕ್ಕೆ ಮಾತ್ರ ಉತ್ತರ ಸಿಕ್ಕಿದೆ: ಕಾಕ್ಸಾಕಿ ಬಿ ಒಳಹೊಗಲು ಬಳಸುವ ಬಾಗಿಲಿನ ಪ್ರೋಟೀನ್ ಆ ಕೋಶಗಳಲ್ಲಿ ಹೇರಳ.

ನಾರ್ವೆಯಲ್ಲಿ ಕ್ನುಟ್ ಡಾಲ್-ಯೋರ್ಗೆನ್‌ಸೆನ್ ತಂಡ ಬದುಕಿರುವವರಲ್ಲೇ ಹುಡುಕಲು ಧೈರ್ಯ ಮಾಡಿತು. ಕಾಯಿಲೆ ಪತ್ತೆಯಾಗಿ ಕೆಲವೇ ವಾರಗಳಾಗಿದ್ದ ಆರು ಯುವಜನರು ಗ್ರಂಥಿಯ ತುದಿಯ ಚೂರು ಕೊಡಲು ಒಪ್ಪಿದರು. ಶಸ್ತ್ರಚಿಕಿತ್ಸೆಯ ತೊಡಕುಗಳಿಂದ ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಆದರೆ ಆರೂ ಮಂದಿಯಲ್ಲಿ ವೈರಸ್ಸಿನ ಪ್ರೋಟೀನ್ ಕಂಡಿತು, ನಾಲ್ವರಲ್ಲಿ ಅದರ ಆರ್‌ಎನ್‌ಎ ಕೂಡ. ಸೌದೆಯ ಬೂದಿಯಡಿ ಕೆಂಡ ಉಳಿದಂತೆ ಸಣ್ಣಗೆ ಉರಿಯುತ್ತಿದ್ದ ಸೋಂಕು.

ಕೆಂಡ ಆರಿಸಿದರೆ? 2023ರಲ್ಲಿ ಅದೇ ತಂಡ ಆರರಿಂದ ಹದಿನೈದು ವರ್ಷದ 96 ಮಕ್ಕಳ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಅರ್ಧದಷ್ಟು ಮಕ್ಕಳಿಗೆ ಪ್ಲೆಕೊನರಿಲ್ ಮತ್ತು ರಿಬಾವಿರಿನ್ ಎಂಬ ವೈರಸ್ ನಿರೋಧಕಗಳನ್ನು ಆರು ತಿಂಗಳು ಕೊಟ್ಟಿದ್ದರು. ವರ್ಷದ ಕೊನೆಗೆ, ದೇಹ ತಾನೇ ತಯಾರಿಸುವ ಇನ್ಸುಲಿನ್ನಿನ ಅಳತೆಗೋಲಾದ ಸಿ-ಪೆಪ್ಟೈಡ್, ಔಷಧ ಪಡೆದವರಲ್ಲಿ ಶೇ 11ರಷ್ಟು ಇಳಿದಿದ್ದರೆ ಪಡೆಯದವರಲ್ಲಿ ಶೇ 24ರಷ್ಟು ಇಳಿದಿತ್ತು. ಯಾರಿಗೂ ಕಾಯಿಲೆ ವಾಸಿಯಾಗಲಿಲ್ಲ, ಇನ್ಸುಲಿನ್ ನಿಲ್ಲಲಿಲ್ಲ. ಆದರೂ ವೈರಸ್ಸನ್ನು ಹೊಡೆದರೆ ಬೀಟಾ ಕೋಶ ಉಳಿಯುತ್ತದೆ ಎಂಬುದಕ್ಕೆ ಮಕ್ಕಳಲ್ಲಿ ಸಿಕ್ಕ ಈ ಪುರಾವೆ ಸಣ್ಣದಲ್ಲ.

ಕೋವಿಡ್ ಈ ಚರ್ಚೆಗೆ ಹೊಸ ಬಿಸಿ ತಂದಿತು. ಹಲವು ದೇಶಗಳ ಅಂಕಿ ಕೂಡಿಸಿ ನೋಡಿದ 2023ರ ಒಂದು ವಿಶ್ಲೇಷಣೆಯಲ್ಲಿ ಮಕ್ಕಳ ಟೈಪ್ 1 ಸಾಂಕ್ರಾಮಿಕದ ಮೊದಲ ವರ್ಷ ಶೇ 14ರಷ್ಟು, ಎರಡನೇ ವರ್ಷ ಶೇ 27ರಷ್ಟು ಹಿಂದಿಗಿಂತ ಹೆಚ್ಚಿತ್ತು. ವೈರಸ್ಸೇ ಮಾಡಿದ್ದೋ, ಮನೆಯೊಳಗಿನ ಬದುಕಿನಿಂದ ಉಳಿದ ಸೋಂಕುಗಳು ಏರುಪೇರಾಗಿದ್ದೋ ಎಂಬ ವಾದ ಮುಗಿದಿಲ್ಲ. ಭೇದಿ ತರುವ ರೋಟಾವೈರಸ್ಸಿನ ಕಥೆಯೂ ಅಷ್ಟೇ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಅದರ ಲಸಿಕೆ ಎಲ್ಲ ಕೂಸುಗಳಿಗೂ ಸಿಗತೊಡಗಿದ ನಂತರ ನಾಲ್ಕು ವರ್ಷದವರೆಗಿನ ಮಕ್ಕಳ ಟೈಪ್ 1 ಸುಮಾರು ಶೇ 14ರಷ್ಟು ಇಳಿಯಿತು. ಫಿನ್‌ಲೆಂಡಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಲಸಿಕೆಯಿಂದಲೇ ಮಧುಮೇಹ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಮಾತಿಗೆ ಮಾತ್ರ ಸ್ಪಷ್ಟ ಉತ್ತರವಿದೆ. ಡೆನ್ಮಾರ್ಕಿನಲ್ಲಿ 1990ರಿಂದ 2000ದವರೆಗೆ ಹುಟ್ಟಿದ ಏಳು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದಾಗ, ಬಾಲ್ಯದ ಲಸಿಕೆಗಳಿಗೂ ಟೈಪ್ 1ಕ್ಕೂ ನಂಟು ಕಾಣಲಿಲ್ಲ.

ಕೊನೆಯ ತೀರ್ಪು ಬರಬೇಕಿರುವುದೂ ಲಸಿಕೆಯಿಂದಲೇ. ಟಾಂಪೆರೆಯ ಹೈಕ್ಕಿ ಹ್ಯೂತಿ ಮತ್ತು ಸಂಗಡಿಗರ ದಶಕಗಳ ದುಡಿಮೆಯ ಫಲವಾಗಿ ಕಾಕ್ಸಾಕಿ ಬಿ ಗುಂಪಿನ ಐದು ವೈರಸ್ಸುಗಳ ವಿರುದ್ಧ ಲಸಿಕೆಯೊಂದು ಸಿದ್ಧವಾಗಿದೆ. ಫಿನ್‌ಲೆಂಡಿನ 32 ಆರೋಗ್ಯವಂತ ವಯಸ್ಕರಲ್ಲಿ ನಡೆದ ಮೊದಲ ಹಂತದ ಪ್ರಯೋಗದ ವರದಿ 2024ರಲ್ಲಿ ಬಂತು: ಲಸಿಕೆ ಸುರಕ್ಷಿತವಾಗಿತ್ತು, ಪ್ರತಿಕಾಯಗಳು ಹುಟ್ಟಿದವು. ಇದನ್ನು ಸಾವಿರಾರು ಕೂಸುಗಳಿಗೆ ಕೊಟ್ಟು, ಹತ್ತಾರು ವರ್ಷ ಕಾದು, ಟೈಪ್ 1 ಕಡಿಮೆಯಾಯಿತೇ ಎಂದು ಎಣಿಸಬೇಕು. ಕಡಿಮೆಯಾದರೆ ಆ ವೈರಸ್ ಅಪರಾಧಿ. ಅಲ್ಲಿಯವರೆಗೆ, ಈ ಬರಹಗಾರನ ತಿಳಿವಳಿಕೆಯಲ್ಲಿ, ಅದು ಬಲವಾದ ಸಾಕ್ಷ್ಯವಿರುವ ಆರೋಪಿ. ಎಲ್ಲ ಮಕ್ಕಳ ವಿಷಯದಲ್ಲಿ ಅಲ್ಲದಿದ್ದರೂ ಬಹಳ ಮಕ್ಕಳ ವಿಷಯದಲ್ಲಿ.

ಆ ಲಸಿಕೆ ನಮ್ಮ ಊರಿಗೆ ಬರಲು ಎಷ್ಟು ಕಾಲವೋ. ಆದರೆ ಇವತ್ತೇ ಉಳಿಸಬಹುದಾದ ಜೀವಗಳಿವೆ. ಜ್ವರ ಬಿಟ್ಟ ಮೇಲೂ ಮಗು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿದರೆ, ಊಟ ಮಾಡುತ್ತಿದ್ದರೂ ಮೈ ಸೊರಗಿದರೆ, ತಡ ಮಾಡಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು, ಹಣ್ಣು ಕೊಳೆತಂಥ ಉಸಿರಿನ ವಾಸನೆ ಬಂದರೆ ಅದು ತುರ್ತು. ಹೊಟ್ಟೆ ಕೆಟ್ಟಿದೆ ಎಂದುಕೊಂಡು ಇಂಥ ಮಗುವಿಗೆ ಗ್ಲುಕೋಸ್ ಬಾಟಲಿ ಏರಿಸಿದರೆ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಗ್ಲುಕೋಮೀಟರ್ ಉತ್ತರ ಹೇಳಲು ಒಂದು ನಿಮಿಷವೂ ಬೇಡ.